ಗಾಳಿ ಕುಡಿದ ಜೀಪು

ನಡೆಯುತ್ತಿದ್ದ ಜೀಪನ್ನು ನಿಲ್ಲಿಸಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ನಮ್ಮ ಮನೆ ಇರುವುದು ಯಲಹಂಕದ ಹಳೇ ಊರಿನಲ್ಲಿ. ಗೇಟಿನ ಒಳಗೆ, ಸೀಬೆ ಮರದ ಕೆಳಗೆ ನಿಂತಿರುವುದು ಮಾವನವರ ಮಹೀಂದ್ರ ಜೀಪು. 1993ರಲ್ಲಿ ಹೊಸದಾಗಿ ಕೊಂಡದ್ದು. ನಂಬರ್ ಪ್ಲೇಟು ಕೆಎ-04. ಒಳಗಿರುವುದು ಫ್ರಾನ್ಸಿನ ಪ್ಯೂಜೊ ವಿನ್ಯಾಸದ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಆಗ ಮಾವನವರು ದೊಡ್ಡಬಳ್ಳಾಪುರದ ಕಡೆ ತೋಟ ಮಾಡಿಕೊಂಡಿದ್ದರು, ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುತ್ತಿದ್ದರು. ಹೆಬ್ಬಾಳದಲ್ಲಿ ಮೇಲ್ಸೇತುವೆ ಇಲ್ಲದ ಆ ಕಾಲದಲ್ಲಿ, ಬೆಳಗಿನ ಜಾವ ನಾಲ್ಕು ಗಂಟೆಗೆ ದ್ರಾಕ್ಷಿ ತುಂಬಿಕೊಂಡು ಈ ಜೀಪಿನಲ್ಲೇ ಪೇಟೆಗೆ ಹೋಗಿಬರುತ್ತಿದ್ದರಂತೆ. ನನ್ನ ಮದುವೆಯ ದಿಬ್ಬಣ ಬಂದದ್ದೂ ಇದರಲ್ಲೇ. ಹಿಂದಿನ ಸೀಟಿನಲ್ಲಿ ಎದುರು ಬದುರಾಗಿ ಎಂಟು ಜನ, ಮಧ್ಯದಲ್ಲಿ ಹಣ್ಣಿನ ಬುಟ್ಟಿ.

2021ರಲ್ಲಿ ಅತ್ತೆ ಹೋದರು. ಆಮೇಲೆ ಮಾವನವರು ಜೀಪನ್ನು ರಸ್ತೆಗೆ ಇಳಿಸುವುದನ್ನೇ ಬಿಟ್ಟರು. ಆದರೆ ಪ್ರತಿ ಭಾನುವಾರ ಬೆಳಗ್ಗೆ ಕಾಫಿ ಕುಡಿದು, ಕೀಲಿ ತಂದು, ಹೀಟರ್ ಹಾಕಿ ಹತ್ತು ಎಣಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡುತ್ತಿದ್ದರು. ವಾರವಿಡೀ ವರಾಂಡದ ಕುರ್ಚಿ ಬಿಟ್ಟು ಏಳದ ಮನುಷ್ಯ ಆ ಹತ್ತು ನಿಮಿಷ ಮಾತ್ರ ಮೊದಲಿನ ಹಾಗೆ ಕಾಣುತ್ತಿದ್ದರು.

ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2023ರಲ್ಲಿ ಮತ್ತೆ ಆ ಸರದಿ ಬಂತು. ಹಿಂದಿನ ವರ್ಷದ ಏಪ್ರಿಲ್‌ನಿಂದ ಕಾರು, ಜೀಪುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತ್ತು. ಮೇಲೆ ಹಸಿರು ತೆರಿಗೆ, ಹೊಗೆ ತಪಾಸಣೆ.

"ಯಾಕಮ್ಮ ದುಡ್ಡು ದಂಡ? ನಂಗೂ ವಯಸ್ಸಾಯ್ತು, ಅದಕ್ಕೂ ವಯಸ್ಸಾಯ್ತು. ಗುಜರಿಗೆ ಕೊಟ್ಟುಬಿಡಿ" ಅಂದರು ಮಾವ.

ನನ್ನವರೂ ನಾನೂ ಮುಖ ಮುಖ ನೋಡಿಕೊಂಡೆವು. ಜೀಪು ಹೋದರೆ ಭಾನುವಾರದ ಆ ಹತ್ತು ನಿಮಿಷವೂ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. "ಈ ಒಂದು ಸಲ ಮಾಡಿಸೋಣ ಮಾವ" ಎಂದೆ. ಶಿವರಾತ್ರಿ ಕಳೆದ ಸೋಮವಾರ, ಫೆಬ್ರವರಿ 20ಕ್ಕೆ ಗಾಡಿ ತೋರಿಸುವುದೆಂದು ಗೊತ್ತಾಯಿತು.

ಇನ್ನು ಒಂಬತ್ತು ದಿನ ಇರುವಾಗ, ಶನಿವಾರ, ನನಗೆ ಹುಮ್ಮಸ್ಸು ಬಂತು. ಜೀಪು ಸ್ವಲ್ಪ ಹೊಗೆ ಬಿಡುತ್ತಿತ್ತು. ಡೀಸೆಲ್ ಫಿಲ್ಟರ್ ಬದಲಾಯಿಸಿ ಎಷ್ಟು ಕಾಲವಾಗಿದೆಯೋ ಯಾರಿಗೂ ನೆನಪಿರಲಿಲ್ಲ. ಮಾಮೂಲಿ ಮೆಕ್ಯಾನಿಕ್ ಊರಿಗೆ ಹೋಗಿದ್ದ. ನನ್ನವರು ಕೆಲಸದ ಮೇಲೆ ಪುಣೆಗೆ ಹೋಗಿದ್ದರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಒಂದು ಫಿಲ್ಟರ್ ಬದಲಾಯಿಸುವುದು ಏನು ಮಹಾ?

ಅಂಗಡಿಯಿಂದ ಹೊಸ ಫಿಲ್ಟರ್ ತಂದೆ. ಬಾನೆಟ್ ಎತ್ತಿದೆ. ಹಳೆಯ ಫಿಲ್ಟರಿನ ಬೋಲ್ಟು ಜಗ್ಗಲಿಲ್ಲ. ಕೈಗೆ ಅಡ್ಡ ಬರುತ್ತಿದ್ದ ಒಂದು ರಬ್ಬರ್ ಪೈಪನ್ನು ಪಕ್ಕಕ್ಕೆ ಎಳೆದು, ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟೆ. ಬೋಲ್ಟು ಬಿಚ್ಚಿತು. ಹಳೆಯ ಫಿಲ್ಟರ್ ಇದ್ದಿಲಿನಂತೆ ಕಪ್ಪಾಗಿತ್ತು. ಹೊಸದನ್ನು ಕೂರಿಸಿ, ರಬ್ಬರ್ ರಿಂಗು ಹಾಕಿ, ಬಿಗಿ ಮಾಡಿ, ಕೀಲಿ ತಿರುಗಿಸಿದೆ. ಎಂಜಿನ್ ಒಂದೇ ಏಟಿಗೆ ಶುರುವಾಯಿತು!

"ತಾತಾ, ಅಮ್ಮ ಮೆಕ್ಯಾನಿಕ್!" ಎಂದು ಹತ್ತು ವರ್ಷದ ಮಗಳು ಕುಣಿದಳು.

ಅರ್ಧ ನಿಮಿಷ ಆಗಿರಬೇಕು. ಎಂಜಿನ್ ಒಮ್ಮೆ ಮುಗ್ಗರಿಸಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು. ಮತ್ತೆ ಸೆಲ್ಫ್ ಹೊಡೆದೆ. ಇಲ್ಲ. ಮತ್ತೆ, ಮತ್ತೆ. ಪಕ್ಕದ ಮನೆಯವರು ಬಂದು "ತಳ್ಳಿ ನೋಡೋಣ ಮೇಡಂ" ಅಂದರು. ಎದುರು ಮನೆಯವರು "ಬ್ಯಾಟರಿ ವೀಕು" ಅಂದರು. ನಾನು ಹಟಕ್ಕೆ ಬಿದ್ದು ಹೊಡೆಯುತ್ತಲೇ ಇದ್ದೆ. ಕೊನೆಗೆ ಬ್ಯಾಟರಿ ನಿಜವಾಗಿಯೂ ಕೈಕೊಟ್ಟು, 'ಟಿಕ್' ಎಂಬ ಸದ್ದಷ್ಟೇ ಉಳಿಯಿತು.

ಅದೇ ಹೊತ್ತಿಗೆ ತಲೆಯ ಮೇಲೆ ಕಿವಿ ಒಡೆಯುವಂತೆ ಒಂದು ಯುದ್ಧವಿಮಾನ ಹಾದುಹೋಯಿತು. ಸೋಮವಾರದಿಂದ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ, ಅದರ ಅಭ್ಯಾಸ ನಡೆದಿತ್ತು. ಆಕಾಶದಲ್ಲಿ ಅವು ಪಲ್ಟಿ ಹೊಡೆಯುತ್ತಿದ್ದರೆ ಕೆಳಗೆ ನಾನು ಒಂದು ಜೀಪನ್ನು ಓಡಿಸಲಾರದೆ ನಿಂತಿದ್ದೆ.

ಮಾವನವರು ಬೈಯಲಿಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ "ಹೋಗ್ಲಿ ಬಿಡಮ್ಮ. ನಾಳೆ ಒಂದಿನ ನೋಡು. ಆಗ್ಲಿಲ್ಲ ಅಂದ್ರೆ ಸೋಮವಾರ ಗುಜರಿಯವನಿಗೆ ಫೋನ್ ಮಾಡ್ತೀನಿ" ಎಂದು ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಬ್ಯಾಟರಿ ಬಿಚ್ಚಿ ರಾತ್ರಿಯಿಡೀ ಚಾರ್ಜ್ ಮಾಡಲು ಅಂಗಡಿಗೆ ಕೊಟ್ಟು ಬಂದೆ. ಊಟ ಸೇರಲಿಲ್ಲ. ಮಗಳು ಬಿಡಬೇಕಲ್ಲ! "ಅಮ್ಮಾ, ಫಿಲ್ಟರ್ ಹೊಸದು, ಡೀಸೆಲ್ ಇದೆ. ಮತ್ಯಾಕೆ ಸ್ಟಾರ್ಟ್ ಆಗಲ್ಲ?"

ಅವಳಿಗೆ ಹೇಳಲು ಹೋಗಿ ನಾನೇ ಯೋಚಿಸಬೇಕಾಯಿತು. ಮಕ್ಕಳೇ, ನಿಮಗೂ ಅದನ್ನೇ ಹೇಳುತ್ತೇನೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್ನಿಗೆ ಅದು ಬೇಡ. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ತುದಿ ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ ತನ್ನೊಳಗಿನ ಗಾಳಿಯನ್ನು ಸುಮಾರು ಇಪ್ಪತ್ತನೇ ಒಂದು ಪಾಲಿಗೆ ಒತ್ತುತ್ತದೆ. ಆಗ ಅದು ಎಷ್ಟು ಕಾಯುತ್ತದೆಂದರೆ, ಅದರೊಳಕ್ಕೆ ಮಂಜಿನಂತೆ ಡೀಸೆಲ್ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಮೊದಲ ಸಲ ಹೊತ್ತಿಕೊಳ್ಳಲು ನೆರವಾಗಲೆಂದೇ ಮಾವನವರು ಹೀಟರ್ ಹಾಕಿ ಹತ್ತು ಎಣಿಸುತ್ತಿದ್ದದ್ದು.

ಇದನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಅವರ ಎಂಜಿನ್ ಸರಿಯಾಗಿ ಓಡಿದ್ದು 1897ರಲ್ಲಿ. ಆಗ ಇಂಧನವನ್ನು ಒಳಕ್ಕೆ ಊದಲು ಒತ್ತಿದ ಗಾಳಿಯನ್ನೇ ಬಳಸುತ್ತಿದ್ದರು. ಅದಕ್ಕೆ ಬೇರೆ ಯಂತ್ರವೇ ಬೇಕು. ಅಷ್ಟು ಭಾರ ಹೊತ್ತು ಕಾರು, ಜೀಪು ಓಡುವುದು ಹೇಗೆ? 1927ರಲ್ಲಿ ಬಾಷ್ ಕಂಪನಿ ಗಾಳಿಯ ಹಂಗಿಲ್ಲದೆ ಡೀಸೆಲ್ಲನ್ನೇ ನೇರವಾಗಿ ಒತ್ತಿ ಚಿಮ್ಮಿಸುವ ಪಂಪನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿತು. ಡೀಸೆಲ್ ಎಂಜಿನ್ ರಸ್ತೆಗೆ ಬರಲು ದಾರಿಯಾಯಿತು. ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1951ರಲ್ಲಿ ಶುರುವಾಗಿ, ಆಡುಗೋಡಿಯ ಕಾರ್ಖಾನೆಯಲ್ಲಿ ಇಂಥ ಪಂಪು, ನೋಝಲ್ಲುಗಳನ್ನು ಮಾಡುತ್ತಿದ್ದ 'ಮೈಕೋ' 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು. ಮೈಕೋ ಲೇಔಟ್ ಎಂಬ ಹೆಸರು ಮಾತ್ರ ಊರಿನಲ್ಲಿ ಉಳಿದಿದೆ.

ನಾನು ಔಷಧಿಯ ಸಿರಿಂಜೊಂದನ್ನು ತಂದೆ. ಸೂಜಿ ಇಲ್ಲದ್ದು. ನೀರು ತುಂಬಿ, ತುದಿಗೆ ಬೆರಳು ಒತ್ತಿ ಹಿಡಿದು "ತಳ್ಳು ನೋಡೋಣ" ಎಂದೆ. ಮಗಳು ಎಷ್ಟು ತಳ್ಳಿದರೂ ಹಿಡಿ ಕದಲಲಿಲ್ಲ. ನೀರು ಚೆಲ್ಲಿ, ಬರೀ ಗಾಳಿ ತುಂಬಿ ಕೊಟ್ಟೆ. ಹಿಡಿ ಸ್ಪಂಜಿನಂತೆ ಒಳಕ್ಕೆ ಹೋಯಿತು, ಬಿಟ್ಟರೆ ಹಿಂದಕ್ಕೆ ಬಂತು.

"ಜೀಪಿನ ನೋಝಲ್ ತೆರೆಯಬೇಕಾದರೆ ಟೈರಿನ ಒತ್ತಡದ ಹತ್ತಿರ ಹತ್ತಿರ 50 ಪಟ್ಟು ಒತ್ತಡ ಬೇಕು. ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಪಂಪು ಎಷ್ಟು ಒತ್ತಿದರೂ ಗಾಳಿ ಕುಗ್ಗುತ್ತದೆಯೇ ಹೊರತು ನೋಝಲ್ ತೆರೆಯೋದಿಲ್ಲ" ಎಂದೆ.

"ಅಂದ್ರೆ ಎಂಜಿನ್ ಒಳಗೆ ಗಾಳಿ ಬೇಕು, ಪೈಪ್ ಒಳಗೆ ಗಾಳಿ ಬೇಡ" ಎಂದಳು ಮಗಳು.

ಅಷ್ಟೇ ವಿಷಯ. ಮೆಕ್ಯಾನಿಕ್‌ಗಳು 'ಏರ್ ಹಿಡ್ಕೊಂಡಿದೆ' ಅನ್ನುವುದು ಇದಕ್ಕೇ. ನಾನು ಖಾಲಿ ಫಿಲ್ಟರನ್ನು ಹಾಗೆಯೇ ಕೂರಿಸಿದ್ದೆ. ಪಂಪಿನಲ್ಲಿ ಉಳಿದಿದ್ದ ಡೀಸೆಲ್ ಮುಗಿಯುವವರೆಗೆ ಎಂಜಿನ್ ಓಡಿತು, ಫಿಲ್ಟರಿನ ಗಾಳಿ ಪಂಪನ್ನು ತಲುಪಿದ ಕೂಡಲೇ ನಿಂತಿತು. ಏರ್ ತೆಗೆದರೆ ಆಯಿತು ಎಂದು ನೆಮ್ಮದಿಯಿಂದ ಮಲಗಿದೆ.

ಭಾನುವಾರ ಬೆಳಗ್ಗೆ ಬ್ಯಾಟರಿ ತಂದು ಕೂರಿಸಿದೆ. ಚಕ್ರಗಳಿಗೆ ಕಲ್ಲು ಕೊಟ್ಟೆ. ಕೈಗವಸು, ಕನ್ನಡಕ ಹಾಕಿಕೊಂಡೆ. ಮಗಳನ್ನು ವರಾಂಡದ ಮೆಟ್ಟಿಲ ಮೇಲೆ ಕೂರಿಸಿ "ಅಲ್ಲಿಂದ ಇಳಿಯಬೇಡ" ಎಂದೆ. ಫಿಲ್ಟರಿನ ಮೇಲೆ ಗಾಳಿ ಬಿಡುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಸಡಿಲ ಮಾಡಿ ಹ್ಯಾಂಡ್ ಪಂಪು ಒತ್ತತೊಡಗಿದೆ. ಮೊದಲು ಬುಸ್ ಬುಸ್ ಎಂದು ಗಾಳಿ ಬಂತು. ಆಮೇಲೆ ನೊರೆ. ನೊರೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿ ಮಾಡಬೇಕು.

ನೊರೆ ನಿಲ್ಲಲೇ ಇಲ್ಲ. ನೂರು ಸಲ ಒತ್ತಿದೆ, ಇನ್ನೂರು ಸಲ ಒತ್ತಿದೆ. ಹೆಬ್ಬೆರಳು ಊದಿಕೊಂಡಿತು. ಗುಳ್ಳೆ, ಗುಳ್ಳೆ, ಗುಳ್ಳೆ. ಎಲ್ಲೋ ಸೋರುತ್ತಿರಬೇಕು ಎಂದು ಒಂದೊಂದು ಜಾಯಿಂಟನ್ನೂ ಹಳೇ ಬಟ್ಟೆಯಿಂದ ಒರೆಸಿ ನೋಡಿದೆ. ಎಲ್ಲೂ ಒಂದು ಹನಿ ಇಲ್ಲ. ಫಿಲ್ಟರನ್ನು ಮತ್ತೆ ಬಿಚ್ಚಿ, ರಿಂಗು ನೋಡಿ, ಮತ್ತೆ ಕೂರಿಸಿದೆ. ಆಗಲೂ ಗುಳ್ಳೆ. ಗಂಟೆ ಹನ್ನೊಂದಾಯಿತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಮಾವನವರು ಪೇಪರು ಮಡಚಿಟ್ಟದ್ದು ಕಾಣಿಸಿತು.

"ಏನಮ್ಮ ಹುಡುಕ್ತಾ ಇದ್ದೀಯ?"

"ಎಲ್ಲಿ ಸೋರ್ತಿದೆ ಅಂತ ಮಾವ. ಎಲ್ಲೂ ಒದ್ದೆಯೇ ಇಲ್ಲ."

"ಒದ್ದೆ ಎಲ್ಲಿರುತ್ತೆ?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರಿಗೋ ಹೇಳುವವರಂತೆ ಮುಂದುವರಿಸಿದರು. "ತೋಟದ ಬಾವಿ ಪಂಪ್‌ಸೆಟ್ ಗೊತ್ತಲ್ಲ, ಒಂದೊಂದು ಸಲ ನೀರು ಎತ್ತುತ್ತಾನೇ ಇರಲಿಲ್ಲ. ಮೋಟಾರು ಸುತ್ತುತ್ತೆ, ನೀರಿಲ್ಲ. ನೀರು ಕೊಡೋ ಕಡೆ ಪೈಪು ಒಡೆದ್ರೆ ಚಿಮ್ಮುತ್ತೆ, ಕಣ್ಣಿಗೆ ಕಾಣುತ್ತೆ. ಹೀರೋ ಕಡೆ ಪೈಪು ಬಿರುಕು ಬಿಟ್ರೆ ಒಂದು ಹನೀನೂ ಸೋರಲ್ಲ ಕಣಮ್ಮ. ಗಾಳಿ ಕುಡಿಯುತ್ತೆ ಅಷ್ಟೆ. ನಾವು ಸೈಕಲ್ ಟ್ಯೂಬು ಸುತ್ತಿ ಬಿಗಿಯಾಗಿ ಕಟ್ಟುತಾ ಇದ್ವಿ."

ಮೆಟ್ಟಿಲ ಮೇಲಿಂದ ಮಗಳು ಕೂಗಿದಳು. "ಸ್ಟ್ರಾ ಥರ! ಮೊನ್ನೆ ಎಳನೀರು ಕುಡಿಯೋವಾಗ ಸ್ಟ್ರಾ ಸೀಳಿತ್ತಲ್ಲ, ಸೊರ್ ಸೊರ್ ಅಂತ ಬರೀ ಗಾಳಿ ಬಂತು. ಹೊರಗಡೆ ಸೋರಲೇ ಇಲ್ಲ."

ಹದಿನಾರು ವರ್ಷದಿಂದ ಮಕ್ಕಳಿಗೆ ವಾಯುಭಾರ ಪಾಠ ಮಾಡುತ್ತಿದ್ದೇನೆ. ಸ್ಟ್ರಾದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಆದರೂ ಬೆಳಗ್ಗಿನಿಂದ ಒದ್ದೆಯನ್ನೇ ಹುಡುಕುತ್ತಿದ್ದೆ.

ಟ್ಯಾಂಕಿನಿಂದ ಪಂಪಿನವರೆಗೆ ಹೀರುವ ದಾರಿ. ಬಿರುಕು ಅಲ್ಲೇ ಇರಬೇಕು. ಆದರೆ ಊಹೆ ಸಾಲದು, ಪರೀಕ್ಷೆ ಮಾಡಬೇಕು ಎಂದುಕೊಂಡೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿ ಹಿಡಿಯುವ ಪಾರದರ್ಶಕ ಪೈಪು ಇರುತ್ತದಲ್ಲ, ಅದರ ಒಂದು ಹಳೆಯ ತುಂಡನ್ನು ಕೇಳಿ ತಂದೆ. ಟ್ಯಾಂಕಿನ ಕಡೆಯಿಂದ ಬರುವ ರಬ್ಬರ್ ಪೈಪನ್ನು ಪಂಪಿನಿಂದ ಕಳಚಿ, ಆ ಜಾಗಕ್ಕೆ ಇದನ್ನು ಸಿಕ್ಕಿಸಿ ಕ್ಲಿಪ್ ಹಾಕಿದೆ. ಇನ್ನೊಂದು ತುದಿಯನ್ನು ಶುದ್ಧ ಡೀಸೆಲ್ ಇದ್ದ ಕ್ಯಾನಿನೊಳಗೆ ಇಳಿಬಿಟ್ಟೆ. ಹ್ಯಾಂಡ್ ಪಂಪು ಒತ್ತಿದೆ. ಪೈಪಿನೊಳಗೆ ಡೀಸೆಲ್ ಏರುತ್ತಾ ಬರುವುದು ಜೇನುತುಪ್ಪದಂತೆ ಕಾಣಿಸಿತು. ಗಾಳಿ ಬಿಡುವ ಸ್ಕ್ರೂನಿಂದ ನೊರೆ ಬಂತು, ಕಡಿಮೆಯಾಯಿತು, ನಿಂತಿತು. ಬರೀ ಡೀಸೆಲ್!

ಅಂದರೆ ಪಂಪು, ಫಿಲ್ಟರ್ ಎಲ್ಲ ಸರಿಯಾಗಿವೆ. ಕಳಚಿಟ್ಟ ರಬ್ಬರ್ ಪೈಪನ್ನು ಬೆಳಕಿಗೆ ಹಿಡಿದು ಬಗ್ಗಿಸಿದೆ. ಕ್ಲಿಪ್ಪು ಕೂರುವ ಜಾಗದಲ್ಲಿ ಉಗುರು ಗೀರಿದಷ್ಟು ಸಣ್ಣ ಬಿರುಕು ಬಾಯಿ ತೆರೆಯಿತು. ಶನಿವಾರ ಅಡ್ಡ ಬರುತ್ತದೆಂದು ನಾನು ಎಳೆದಿದ್ದ ಪೈಪು ಅದೇ. ವರ್ಷಗಟ್ಟಲೆ ಬಿಸಿಗೆ ಒಣಗಿ ಕಡ್ಡಿಯಾಗಿದ್ದ ರಬ್ಬರು, ಯಾರೂ ಮುಟ್ಟದಿದ್ದರೆ ಇನ್ನಷ್ಟು ದಿನ ತಾಳಿಕೊಳ್ಳುತ್ತಿತ್ತು.

ಭಾನುವಾರ ಅಂಗಡಿ ಎಲ್ಲಿ ತೆರೆದಿರುತ್ತದೆ? ಸ್ಕೂಟರಿನಲ್ಲಿ ಯಶವಂತಪುರದವರೆಗೆ ಹೋಗಿ, ಲಾರಿ ಬಿಡಿಭಾಗದ ಅಂಗಡಿಯೊಂದರಲ್ಲಿ ಎರಡಡಿ ಡೀಸೆಲ್ ಪೈಪು, ಎರಡು ಕ್ಲಿಪ್ಪು ತಂದೆ. ಅಂಗಡಿಯವರು ಹಳೆಯ ತುಂಡನ್ನು ನೋಡಿ "ನೀರಿನ ಪೈಪು ಹಾಕಬೇಡಿ ಮೇಡಂ, ಡೀಸೆಲ್‌ಗೆ ಅದು ತಡೆಯಲ್ಲ" ಎಂದು ತಾವಾಗಿಯೇ ಹೇಳಿದರು. ಗಾರೆಯವರ ಪೈಪು ಪರೀಕ್ಷೆಗೆ ಮಾತ್ರ, ಅದರಲ್ಲೇ ಗಾಡಿ ಓಡಿಸುವಂತಿಲ್ಲ.

ಹೊಸ ಪೈಪು ಹಾಕಿ ಏರ್ ತೆಗೆದೆ. ಈ ಸಲ ನಲವತ್ತು ಒತ್ತಿಗೆ ನೊರೆ ನಿಂತಿತು. ಕೊನೆಯದು ನೋಝಲ್ಲುಗಳ ಸರದಿ. ನಾಲ್ಕು ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆದಾಗ ಅಲ್ಲಿ ಡೀಸೆಲ್ ಜಿನುಗಿದರೆ ಒಂದೊಂದನ್ನೇ ಬಿಗಿ ಮಾಡಬೇಕು. ನಾನು ಬಾನೆಟ್ಟಿನ ಬಳಿ ನಿಂತು ನೋಡಬೇಕು. ಹಾಗಾದರೆ ಕೀಲಿ ತಿರುಗಿಸುವವರು ಯಾರು?

"ಮಾವ, ನೀವೇ ಬರಬೇಕು" ಎಂದೆ.

ಅವರು ನನ್ನ ಮುಖ ನೋಡಿದರು. ಎದ್ದರು. ಪಂಚೆ ಎತ್ತಿ ಕಟ್ಟಿ, ಹಿಡಿ ಹಿಡಿದು ಸೀಟಿಗೆ ಹತ್ತಿದರು. ಹೀಟರ್ ಹಾಕಿ ತುಟಿಯಲ್ಲೇ ಹತ್ತು ಎಣಿಸುವುದು ಗಾಜಿನ ಆಚೆಯಿಂದ ನನಗೆ ಕಾಣುತ್ತಿತ್ತು. ಸೆಲ್ಫ್ ಸುತ್ತಿತು. ಮೊದಲ ನಟ್ಟಿನಲ್ಲಿ ಗುಳ್ಳೆ, ಆಮೇಲೆ ಹನಿ.

"ನಿಲ್ಲಿಸಿ ಮಾವ!" ಬಿಗಿ ಮಾಡಿದೆ. ಎರಡನೆಯದು. ಬಿಗಿ ಮಾಡಿದೆ.

"ಒಂದೇ ಸಮ ಹೊಡೆಯಬಾರದಮ್ಮ, ಸೆಲ್ಫು ಕಾದುಹೋಗುತ್ತೆ. ಸುಧಾರಿಸಿಕೊಳ್ಳಲಿ" ಎಂದರು. ಶನಿವಾರ ನಾನು ಮಾಡಿದ ಎರಡನೇ ತಪ್ಪು ಆಗ ಗೊತ್ತಾಯಿತು.

ಮೂರನೆಯ ನಟ್ಟು ಬಿಗಿಯಾದ ಮೇಲೆ ಎಂಜಿನ್ ಒಮ್ಮೆ ಕೆಮ್ಮಿತು. ನಾಲ್ಕನೆಯದೂ ಬಿಗಿಯಾಯಿತು. ಮಾವನವರು ಕಾಲಲ್ಲಿ ಎಕ್ಸಲರೇಟರನ್ನು ಮೆಲ್ಲಗೆ ಒತ್ತಿ ಕೀಲಿ ತಿರುಗಿಸಿದರು. ಎರಡು ಸಿಲಿಂಡರು, ಮೂರು, ನಾಲ್ಕು. ಬಿಳಿ ಹೊಗೆಯ ಒಂದು ಮೋಡ ಸೀಬೆ ಮರದ ಕಡೆ ಹೋಗಿ ಕರಗಿತು. ಜೀಪು ಗಡಗಡ ಎಂದು ನಿಂತಲ್ಲೇ ಓಡತೊಡಗಿತು. ಅರ್ಧ ನಿಮಿಷ ಕಳೆಯಿತು. ಒಂದು ನಿಮಿಷ ಕಳೆಯಿತು. ನಿಲ್ಲಲಿಲ್ಲ.

ಮಗಳು ಮೆಟ್ಟಿಲ ಮೇಲೆಯೇ ಕುಣಿಯುತ್ತಿದ್ದಳು. ಮೇಲೆ ಮತ್ತೆ ವಿಮಾನ ಬಂತು. ಈ ಸಲ ಯಾರೂ ತಲೆ ಎತ್ತಲಿಲ್ಲ.

ಮಾವನವರು ಹತ್ತು ನಿಮಿಷಕ್ಕೆ ಆಫ್ ಮಾಡಲಿಲ್ಲ. "ಗೇಟು ತೆಗಿ" ಅಂದರು. ಎರಡು ವರ್ಷದ ಮೇಲೆ ಜೀಪು ಹೊರಗೆ ಹೊರಟಿತು. ಕೋಗಿಲು ಕ್ರಾಸಿನವರೆಗೆ ಹೋಗಿ ವಾಪಸು ಬಂದೆವು, ಅಷ್ಟೇ. ದಾರಿಯಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ಗೇರ್ ಬದಲಿಸುವಾಗ ಒಮ್ಮೆ ಮಾತ್ರ "ನಿಮ್ಮತ್ತೆ ಇಲ್ಲಿ ಬಂದ್ರೆ ಸಾಕು, ನಿಧಾನ ಅಂತಿದ್ದಳು" ಎಂದರು.

ಮಕ್ಕಳೇ, ಇದನ್ನು ಓದಿ ನೀವು ಬಾನೆಟ್ ಎತ್ತಬೇಡಿ. ನೋಝಲ್ಲಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುವಷ್ಟು ಚೂಪಾಗಿರುತ್ತದೆ, ದೊಡ್ಡವರೂ ಅದಕ್ಕೆ ಬೆರಳು ಒಡ್ಡಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಚೆಲ್ಲಿದ ಡೀಸೆಲ್ಲನ್ನು ಬಟ್ಟೆಯಲ್ಲಿ ಒರೆಸಬೇಕು, ಚರಂಡಿಗೆ ಬಿಡಬಾರದು. ಸಿರಿಂಜಿನ ಪ್ರಯೋಗವನ್ನು ಮಾತ್ರ ಧಾರಾಳವಾಗಿ ಮಾಡಿ ನೋಡಿ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಹಳೆಯ ಜೀಪು ಇದ್ದಷ್ಟೂ ಒಳ್ಳೆಯದು ಎಂದು ನಾನು ಹೇಳಲಾರೆ. ಅದಕ್ಕೇ ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ತಿಂಗಳಿಗೆ ಎರಡು ಸಲ ಮಾತ್ರ ಅದು ರಸ್ತೆಗೆ ಇಳಿಯುತ್ತದೆ. ಪೇಟೆ ಕೆಲಸಕ್ಕೆ ಬಸ್ಸು. ಫಿಲ್ಟರ್ ಬದಲಾಯಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇವೆ.

ಫೆಬ್ರವರಿ 20ರಂದು ಹೊಗೆ ತಪಾಸಣೆಯ ಚೀಟಿ ಹಿಡಿದು ಜೀಪನ್ನು ಆರ್‌ಟಿಒ ಕಚೇರಿಗೆ ಒಯ್ದವರು ಮಾವನವರೇ. ಪಕ್ಕದಲ್ಲಿ ನಾನು ಕೂತಿದ್ದೆ. ಇನ್ಸ್‌ಪೆಕ್ಟರು ದೀಪ, ಹಾರನ್, ಬ್ರೇಕು ಎಲ್ಲ ನೋಡಿ, ಚಾಸಿ ನಂಬರು ತಾಳೆ ಹಾಕಿ, ಸಹಿ ಮಾಡಿದರು. ಇನ್ನೈದು ವರ್ಷ. 2028ರಲ್ಲಿ ಏನು ಮಾಡಬೇಕೆಂದು ಆಗ ಯೋಚಿಸಿದರಾಯಿತು.

ಸೀಳಿದ ಆ ರಬ್ಬರ್ ಪೈಪನ್ನು ನಾನು ಎಸೆಯಲು ಹೋಗಿದ್ದೆ. ಮಾವನವರು ಇಸಿದುಕೊಂಡು ವರಾಂಡದ ಮೊಳೆಗೆ ತಗುಲಿಹಾಕಿದ್ದಾರೆ. ಮನೆಗೆ ಬಂದ ಮಕ್ಕಳಿಗೆಲ್ಲ ಅದನ್ನು ಬಗ್ಗಿಸಿ ತೋರಿಸಿ ಕೇಳುತ್ತಾರೆ: "ಹೇಳು ನೋಡೋಣ, ಇದು ಸೋರುತ್ತೋ, ಕುಡಿಯುತ್ತೋ?"